ಹಡಗಿನ ದ್ರಾಕ್ಷಾರಸ, ಕಡೂರಿನ ಈಚಲ ಹೆಂಡ

ಪಣಜಿಯಿಂದ ಬೊಂಬಾಯಿಗೆ ಹೋಗುವ ಹಡಗಿನ ಮೇಲಟ್ಟದಲ್ಲಿ ಆ ಮಧ್ಯಾಹ್ನ ನಾವು ಐದು ಜನ ಕೂತಿದ್ದೆವು. ನಾನು, ತರೀಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಮ್ಮ ಯಜಮಾನರು, ಅವರ ಸ್ನೇಹಿತರಾದ ಅಜ್ಜಂಪುರದ ಲೆಕ್ಕದ ಮೇಷ್ಟ್ರು, ಅವರ ಹೆಂಡತಿ ಶಾರದಕ್ಕ, ಜೊತೆಗೆ ಹಡಗು ಹತ್ತಿದ ಮೇಲೆ ಪರಿಚಯವಾದ ಗೋವೆಯ ಒಬ್ಬ ಹಿರಿಯರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೇಸಿಗೆ ರಜೆ. ಬಯಲುಸೀಮೆಯ ಕೆರೆ ಬಿಟ್ಟು ಬೇರೆ ನೀರು ಕಾಣದ ನಾನು ಸಮುದ್ರವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಸಮುದ್ರ ನೋಡುವವರಿಗೆ ಸಿಟ್ಟು ಬರುವುದಿಲ್ಲವಂತೆ. ನನಗೆ ಬಂತು. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ.

ಗೋವೆಯ ಹಿರಿಯರು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. ಬೊಂಬಾಯಿಯ ಮಗನಿಗೆಂದು ಒಂದು ಬುಟ್ಟಿ ತುಂಬ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ತಂದಿದ್ದರು. ಪರವಾನಗಿ ಇಲ್ಲದೆ ಅಷ್ಟನ್ನೂ ಬೊಂಬಾಯಿಯ ದಡಕ್ಕೆ ಇಳಿಸಿದರೆ ಪೊಲೀಸರು ಹಿಡಿದಾರು ಎಂಬ ಭಯ ಅರ್ಧ ದಾರಿಯಲ್ಲಿ ಅವರಿಗೆ ಹತ್ತಿತು. "ಬರ್ರಿ ಸರ, ಅರ್ಧಾ ಇಲ್ಲೇ ಮುಗಸೋಣು. ಪೊಲೀಸಂವಾ ಕುಡಿಯೂದಕ್ಕಿಂತ ಮಾಸ್ತರು ಕುಡಿಯೂದು ಚಲೋ" ಎಂದರು. ಲೆಕ್ಕದ ಮೇಷ್ಟ್ರು ಕೈಮುಗಿದು ದೂರ ಸರಿದರು. ನಮ್ಮ ಯಜಮಾನರು ಸರಿಯಲಿಲ್ಲ.

ಮೊದಲು ದ್ರಾಕ್ಷಿಯದು ಬಂತು. ಆಮೇಲೆ ಹಿರಿಯರ ತಂಗಿ ಮನೆಯಲ್ಲೇ ಮಾಡಿದ ನೇರಳೆಹಣ್ಣಿನದು. ಕೊನೆಗೆ ಗೇರುಹಣ್ಣಿನದು, ಅದರ ಘಾಟಿಗೆ ಶಾರದಕ್ಕ ಸೆರಗು ಮೂಗಿಗೆ ಹಿಡಿದಳು. ಯಜಮಾನರು ಮಾತ್ರ ತೀರ್ಥ ತೆಗೆದುಕೊಳ್ಳುವವರ ಹಾಗೆ ಕಣ್ಣು ಮುಚ್ಚಿ ಒಂದೊಂದೇ ಗುಟುಕು ಕುಡಿದರು. ಯಾವ ಊರಿನ ಹಣ್ಣು, ಅಲ್ಲಿ ಮಣ್ಣು ಎಂಥದು, ಮಳೆ ಎಷ್ಟು ಎಂದು ವಿಚಾರಿಸಿದರು. ಪುಣ್ಯಾತ್ಮರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಹಾಕಾವ್ಯ ಎನ್ನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆಗಳು ಇರಬೇಕೆಂದೂ ಮಧುಪಾನ ಅದರಲ್ಲೊಂದೆಂದೂ ಗಾಳಿಗೆದುರಾಗಿ ನಿಂತು ಪಾಠ ಹೇಳಿದರು. ಕಡೆಗೆ ನನ್ನ ಕಡೆ ತಿರುಗಿ, "ಒಂಚೂರು ಮೂಸಿ ನೋಡೇ. ಆ ಊರಿನ ಗಾಳಿನೇ ಇದ್ರೊಳಗೆ ಇದೆ" ಎಂದರು.

ಅವರು ಚಾಚಿದ ಗ್ಲಾಸನ್ನು ನಾನು ಸಿಟ್ಟಿನಿಂದ ಅತ್ತ ತಳ್ಳಿದೆ.

ಯಾಕೆ ಅಷ್ಟು ಸಿಟ್ಟು ಎಂದು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಕಡೂರಿನ ಆಚೆ, ಎಮ್ಮೆದೊಡ್ಡಿ ಕಾವಲಿನ ಅಂಚಿನ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದವರು. ದಿನಾ ಸಾಯಂಕಾಲ ಹಳ್ಳದ ದಂಡೆಯ ಈಚಲ ಮರಗಳ ಹತ್ತಿರ ಹೋಗಿ ಒಂದು ಮಗೆ ಹೆಂಡ ಕುಡಿದು ಬರುತ್ತಿದ್ದರು. ಬಂದು ಎತ್ತುಗಳಿಗೆ ಹುಲ್ಲು ಹಾಕಿ, ಉಂಡು ಮಲಗುತ್ತಿದ್ದರು. ಯಾರನ್ನೂ ಬೈದವರಲ್ಲ, ಎಲ್ಲೂ ಬಿದ್ದವರಲ್ಲ. ನಾವು ತರೀಕೆರೆಯಲ್ಲಿ ಮನೆ ಕಟ್ಟಿ ಒಕ್ಕಲಾದ ದಿನ, ಸಂತೋಷಕ್ಕೆ ಒಂದು ಮಗೆ ಹೆಚ್ಚೇ ಕುಡಿದಿದ್ದರೋ ಏನೋ, ತೆಂಗಿನಕಾಯಿ ಚೀಲ ಹೊತ್ತುಕೊಂಡು ನಗುನಗುತ್ತ ಬಂದರು. ಬಾಗಿಲಲ್ಲಿ ನಮ್ಮ ಯಜಮಾನರು ಅಡ್ಡ ನಿಂತು, ಹೆಡ್‌ಮೇಷ್ಟ್ರ ಎದುರಿಗೇ, "ಮಾವ, ಈ ವಾಸನೆ ಇಟ್ಕೊಂಡು ಒಳಗೆ ಬರ್ಬೇಡಿ. ನಾನು ಮಕ್ಕಳಿಗೆ ಪಾಠ ಹೇಳೋನು" ಎಂದುಬಿಟ್ಟರು. ಅಪ್ಪ ಚೀಲವನ್ನು ಜಗಲಿಯ ಮೇಲಿಟ್ಟು, ಬಂದ ಬಸ್ಸಿನಲ್ಲೇ ವಾಪಸು ಹೋದರು. ಆಮೇಲೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಕರೆಯುತ್ತಿದ್ದೆ. "ನೀನು ಚೆನ್ನಾಗಿ ಬಾಳ್ವೆ ಮಾಡು ಮಗ, ನಾನು ಇಲ್ಲಿದ್ದೇ ನೋಡ್ತೀನಿ" ಎನ್ನುತ್ತಿದ್ದರು.

ಇನ್ನೂ ಒಂದಿದೆ, ಅದನ್ನು ನೆನೆದರಂತೂ ಮೈ ಉರಿಯುತ್ತದೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಇಡಬೇಕು. ಯಜಮಾನರ ತಾತನಿಗೆ ಇಷ್ಟವಿದ್ದದ್ದು ಈಚಲ ಹೆಂಡ. ಅದನ್ನು ವರ್ಷವರ್ಷ ಇವರೇ ಹೋಗಿ, ಸ್ಕೂಲಿನ ಚೀಲದಲ್ಲಿ ಉತ್ತರಪತ್ರಿಕೆಗಳ ಕೆಳಗೆ ಅಡಗಿಸಿ ತಂದು, ನಡುಮನೆಯಲ್ಲಿ ಫೋಟೋದ ಮುಂದಿಟ್ಟು ಅಡ್ಡ ಬೀಳುತ್ತಾರೆ. ಆಗ ವಾಸನೆ ಬರುವುದಿಲ್ಲ. ಹೆಂಡ ಕುಡಿಯುವವನು ಈ ಮನೆಯೊಳಗೆ ಬರಬೇಕಾದರೆ ಮೊದಲು ಸಾಯಬೇಕು ಎಂದಾಯಿತಲ್ಲ!

ಇಷ್ಟೂ ಆ ಹಡಗಿನ ಮೇಲೆ ಒಂದೇ ಸಲ ನುಗ್ಗಿ ಬಂತು. "ನಮ್ಮಪ್ಪನ ಬಾಯಲ್ಲೂ ಕಡೂರಿನ ಗಾಳಿನೇ ಇತ್ತು. ನೀವು ಅದನ್ನ ಬಾಗಿಲಲ್ಲೇ ತಡೆದ್ರಿ" ಎಂದೆ.

"ಅದು ಬೇರೆ, ಇದು ಬೇರೆ."

"ಏನು ಬೇರೆ? ಹೇಳಿ, ಮೇಷ್ಟ್ರಲ್ವಾ ನೀವು."

ಯಜಮಾನರು ಸಮುದ್ರ ನೋಡಿದರು, ಆಕಾಶ ನೋಡಿದರು. ಹದಿನೆಂಟು ವರ್ಣನೆಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. "ಇದು... ಗ್ಲಾಸಲ್ಲಿ ಕುಡಿಯೋದು" ಎಂದರು.

ಶಾರದಕ್ಕ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. "ಹೋಗ್ಲಿ ಬಿಡೇ, ಕಡೂರಿಗೆ ಗ್ಲಾಸು ಬರೋಗಂಟ ನಿಮ್ಮಪ್ಪ ಕಾಯ್ಬೇಕು ಕಣೇ!" ಗೋವೆಯ ಹಿರಿಯರು ಹಿಂದಿನದೇನೂ ಗೊತ್ತಿಲ್ಲದೆ, ಜಗಳವಾಗುತ್ತಿರುವುದು ಮಾತ್ರ ಅರ್ಥವಾಗಿ, ಬಾಟಲಿಗಳಿಗೆ ಬಿರಡೆ ಹಾಕಿ ಬುಟ್ಟಿಗೆ ಸೇರಿಸಿದರು.

ಊರೂರಿನ ಮದ್ಯದ ರುಚಿ ಕಂಡುಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಣ್ಣಾಗಲಿ ಮರದ ನೀರಾಗಲಿ, ಹುಳಿ ಬಂದರೆ ಅಮಲು ಬರುತ್ತದೆ. ಲೋಕದ ಎಲ್ಲ ಕಡೆಯೂ ಅಷ್ಟೇ. ಆದರೆ ಪರ ಊರಿನದನ್ನು ಸಂಸ್ಕೃತಿ ಎಂದು ಚಪ್ಪರಿಸುವ ನಾಲಿಗೆ, ಸ್ವಂತ ಊರಿನದನ್ನು ಚಟ ಎಂದು ಉಗುಳುತ್ತದಲ್ಲ, ಅದಕ್ಕೆ ಯಾವ ವ್ಯಾಕರಣ? ಬೊಂಬಾಯಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ತಿಳಿಯದು. ಅಲ್ಲಿದ್ದಷ್ಟು ದಿನವೂ ನಾನು ಕಂಡದ್ದು ಯಜಮಾನರ ಬೆನ್ನು.

ವಾಪಸು ಬರುವಾಗ ಬೀರೂರಿನಲ್ಲಿ ರೈಲು ಇಳಿದೆವು. ತರೀಕೆರೆಯ ಬಸ್ಸು ಒಂದು ಕಡೆ ನಿಂತಿತ್ತು, ಕಡೂರಿನದು ಇನ್ನೊಂದು ಕಡೆ. ನಾನು ಕಡೂರಿನದನ್ನು ಹತ್ತಿದೆ.

"ಎಲ್ಲಿಗೇ?" ಎಂದರು ಟ್ರಂಕು ಹಿಡಿದು ನಿಂತ ಯಜಮಾನರು.

"ಅಪ್ಪನ ಮನೆಗೆ. ಅವರು ಯಾವತ್ತು ತರೀಕೆರೆಗೆ ಬರ್ತಾರೋ ಅವತ್ತೇ ನಾನೂ ಬರ್ತೀನಿ."

ಸ್ಕೂಲು ಶುರುವಾಗುವ ಹೊತ್ತಿಗೆ ಅವರು ಬಂದರು. ಬಂದಾಗ ಸೂರ್ಯ ಇಳಿಯುತ್ತಿದ್ದ. ಅಪ್ಪ ಆಗತಾನೇ ಹಳ್ಳದ ಕಡೆಯಿಂದ ಬಂದು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಯಜಮಾನರು ನನ್ನ ಮುಖ ನೋಡಲಿಲ್ಲ. ನೇರ ಕೊಟ್ಟಿಗೆಗೆ ಹೋದರು.

"ಮಾವ, ಹೊರಡಿ. ಮನೆಗೆ ಹೋಗೋಣ."

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡರು. "ಈಗ ಬ್ಯಾಡಿ ಮೇಷ್ಟ್ರೇ. ಆಗ್ಲೇ ಕುಡ್ಕೊಂಬಂದ್ಬಿಟ್ಟಿದೀನಿ. ನಾಳೆ ಬೆಳಿಗ್ಗೆ ನೀರು ಹುಯ್ಕೊಂಡು ಬತ್ತೀನಿ."

"ನಾಳೆ ಬೇಡ ಮಾವ," ಎಂದರು ಯಜಮಾನರು. "ಈಗ್ಲೇ ಬನ್ನಿ."

ಕೊನೆಯ ಬಸ್ಸಿಗೆ ಮೂವರೂ ತರೀಕೆರೆಗೆ ಹೋದೆವು.