ಮಷಿನ್ ಮೇಲಿನ ಅಂಗೈ

ಶಹಾಪುರದ ತಹಶೀಲ್ ಕಚೇರಿ ಎದುರು ಆನ್‌ಲೈನ್ ಸೆಂಟರ್ ನಡೆಸುತ್ತಿದ್ದವರ ಪಕ್ಕದಲ್ಲಿ ನಾನು ಅರ್ಜಿ ಬರೆಯುತ್ತಿದ್ದೆ. ಯಾರೇ ಹೆಬ್ಬಟ್ಟು ಒತ್ತಲು ಬಂದರೂ ಸೆಂಟರಿನವರು ಮಷಿನ್ ಮೇಲೆ ಅಂಗೈ ಮುಚ್ಚಿ, "ಬ್ಯಾರೆ ಮಂದಿ ಹೆಸರಿನ್ಯಾಗ ಒತ್ತಿದ್ರ ಮೂರು ವರ್ಷದ ತನಕ ಜೈಲು, ಲಕ್ಷದ ತನಕ ದಂಡ, ನೋಡ್ರಿ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಒಂದು ದಿನ ಕುರಿಗಾರರ ಹೆಣ್ಣುಮಗಳೊಬ್ಬಳು ಸಿಮ್ ಬೇಕೆಂದು ಬಂದಳು. ಅವಳು ಕೊಟ್ಟ ಆಧಾರ್ ಕಾರ್ಡಿನಲ್ಲಿದ್ದ ಮುಖ ಅವಳದಲ್ಲ. ಹಿಂದಿನ ಬೆಂಚಿನಲ್ಲಿ ಝರಾಕ್ಸಿಗೆ ಬಂದ ಪೊಲೀಸಪ್ಪ ಕೂತಿದ್ದ.

"ಇದು ಯಾರದವ್ವಾ?" ಸೆಂಟರಿನವರು ದನಿ ತಗ್ಗಿಸಿ ಕೇಳಿದರು.

"ನಂದೇ ರಿ. ಅಕ್ಕ ತೀರಿದ ಮ್ಯಾಲ ಆಕಿ ಗಂಡಗೇ ನನ್ನ ಕೊಟ್ರು. ಆವಾಗಿಂದ ಎಲ್ಲಾರೂ ಆಕಿ ಹೆಸರಿಲೇ ಕರೀತಾರ."

ಪೊಲೀಸಪ್ಪ ತಲೆ ಎತ್ತಿದ. ಅವಳು ಹೆಬ್ಬೆರಳು ಚಾಚಿಕೊಂಡೇ ನಿಂತಿದ್ದಳು.

"ಮಷಿನ್ ಕೆಟ್ಟು ಹೋಗ್ಯದ!" ಸೆಂಟರಿನವರು ಜೋರಾಗಿ ಹೇಳಿ, ಮಷಿನ್ ಮೇಲಿನ ಅಂಗೈ ಎತ್ತದೆ ಇನ್ನೊಂದು ಕೈಯಿಂದ ಅದರ ವೈರ್ ಕಿತ್ತರು. ಹೊಸ ಆಧಾರ್ ಅರ್ಜಿಯನ್ನು ನನ್ನತ್ತ ತಳ್ಳಿದರು. "ಈಕಿ ಸ್ವಂತ ಹೆಸರಿಗೇ ಬರೀರಿ."

"ನಿನ್ನ ಹೆಸರೇನವ್ವಾ?" ಎಂದೆ.

ಅಕ್ಕನ ಹೆಸರು ಅರ್ಧ ಬಾಯಿಗೆ ಬಂತು. ತಡೆದಳು. "ನನ್ನ ಹೆಸರು ಹಿಡಿದು ಯಾರೂ ಕರದಿಲ್ರಿ, ಭಾಳ ವರ್ಷ ಆತು."

ಅವಳು ತನ್ನ ಹೆಸರು ಹೇಳುವವರೆಗೂ ಅವರು ಮಷಿನ್ ಮೇಲಿನ ಅಂಗೈ ತೆಗೆಯಲಿಲ್ಲ.