ನೀರು ಕುಡಿಯಲು ಬಂದ ವೆಬ್‌ಪೇಜು

ಕೇಳದೆ ನಮ್ಮ ಮನೆಯೊಳಗೆ ಇಣುಕಲು ಇವರ್ಯಾರು?

ಕಳೆದ ಭಾನುವಾರ ನಾನು ಹೀಗೆ ಕೂಗಾಡಿದ್ದು ಒಂದು ವೆಬ್‌ಪೇಜಿನ ಮೇಲೆ. ಬ್ಯಾಡಗಿಯ ನನ್ನ ಅಕ್ಕನ ಮಗಳು ಶಿಲ್ಪಾ ಆನ್‌ಲೈನ್ ಪರೀಕ್ಷೆ ಬರೆಯಲು ಹಾವೇರಿಯ ನಮ್ಮ ಮನೆಗೆ ಬಂದಿದ್ದಳು. (ನಮ್ಮ ಮನೆಯ ನೆಟ್ ಗಟ್ಟಿ ಎಂದು ಊರೆಲ್ಲ ಸಾರಿದವನು ನಾನೇ.) ಆಸೆಪಟ್ಟು ಕಾದಿದ್ದ ಕೆಲಸಕ್ಕೆ ಇದು ಕೊನೆಯ ಸುತ್ತು. ಕೆಲಸ ಸಿಗುವ ತನಕ ಮದುವೆಯ ಮಾತೇ ಬೇಡ ಎಂದು ಮನೆಯವರಿಗೆಲ್ಲ ಹೇಳಿದ್ದಳು. ನಾನೂ ತಲೆಯಾಡಿಸಿದ್ದೆ.

ನನ್ನ ಕಂಪ್ಯೂಟರಿನಲ್ಲಿ ಲಾಗಿನ್ ಆದಳು. ಪರೀಕ್ಷೆ ತೆರೆಯಲಿಲ್ಲ. ಈ ಬ್ರೌಸರಿಗೆ ಜೋಡಿಸಿಕೊಂಡ ಎರಡು ಕಿರು ತಂತ್ರಾಂಶ, ಅಂದರೆ ಪ್ಲಗಿನ್, ಸಿಕ್ಕಿವೆ, ತೆಗೆದು ಬನ್ನಿ ಎಂದಿತು ಪೇಜು. ಒಂದು, ಜಾಹೀರಾತು ತಡೆಯುವುದು. ಇನ್ನೊಂದು, ಜಾತಕ ಹೊಂದಿಸುವುದು.

ನನ್ನ ಕಿವಿ ಬಿಸಿಯಾಯಿತು. "ಇದಕ್ಕ ಹೆಂಗ ಗೊತ್ತಾತು?" ಎಂದೆ.

"ಪೇಜಿನೊಳಗ ಸ್ಕ್ರಿಪ್ಟ್ ಇರತೈತಿ ಮಾಮಾ. ಒಂದೊಂದ ಪ್ಲಗಿನ್ನಿನ ಹೆಸರು ಹಿಡಿದು ಕರೀತೈತಿ. ಯಾವುದು ಓ ಅಂತೈತೋ ಅದು ಒಳಗೈತಿ ಅಂತ ತಿಳೀತೈತಿ."

ಅಲ್ಲಾ, ಇದು ನಮ್ಮ ಕಡೆಯ ಹಳೇ ವಿದ್ಯೆಯೇ ಅಲ್ಲವೇ? ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಗಂಡಿನ ಕಡೆಯ ಇಬ್ಬರು, "ಕದರಮಂಡಲಗಿ ಹನುಮಪ್ಪಗ ಹೊಂಟೇವ್ರಿ, ಒಂಚೂರು ನೀರು ಕೊಡ್ರಿ" ಎಂದು ಬಾಗಿಲಿಗೆ ಬರುತ್ತಾರೆ. ನೀರು ಕುಡಿದು ಮುಗಿಸುವಷ್ಟರಲ್ಲಿ ಅಡುಗೆಮನೆ, ಹಿತ್ತಲು, ಹುಡುಗಿಯ ನಡಿಗೆ ಎಲ್ಲವನ್ನೂ ಕಣ್ಣಲ್ಲೇ ಅಳೆದಿರುತ್ತಾರೆ.

ಪರೀಕ್ಷೆಯ ಪೇಜು ಪ್ರಶ್ನೆ ಕೇಳಲಿ. ನನ್ನ ಬ್ರೌಸರಿನ ಅಡುಗೆಮನೆ ಯಾಕೆ ಬೇಕು? "ಖಾಸಗಿತನ ಅಂದ್ರೇನಂತ ಗೊತ್ತೈತೇನು ಇವರಿಗೆ?" ಎಂದು ಉಪನ್ಯಾಸವನ್ನೇ ಶುರುಮಾಡಿದೆ. (ಕೇಳುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.)

ಶಿಲ್ಪಾ ಮೊದಲನೆಯದನ್ನು ತೆಗೆದಳು. ಎರಡನೆಯದನ್ನು ಒತ್ತಿದಾಗ ಅದು ಬಿಚ್ಚಿಕೊಂಡಿತು. ಅಲ್ಲಿ ಅವಳದೇ ಹೆಸರು. ಪಕ್ಕದಲ್ಲಿ ರಾಣೆಬೆನ್ನೂರಿನ ಹುಡುಗನೊಬ್ಬನದು. ಗುಣ ಚೆನ್ನಾಗಿಯೇ ಕೂಡಿದ್ದವು.

ಅವಳೇನೂ ಕೂಗಾಡಲಿಲ್ಲ. ಅದನ್ನೂ ತೆಗೆದುಹಾಕಿದಳು.

"ಹ್ವಾದ ವಾರ ರಾಣೆಬೆನ್ನೂರಿಂದ ಇಬ್ರು ನಮ್ಮನಿಗೆ ನೀರು ಕುಡಿಯಾಕ ಬಂದಿದ್ರು ಮಾಮಾ. ನೀವ ಕಳಿಸಿದ್ರೇನು?"

ನಾನು ಮೇಲೆ ತಿರುಗುವ ಫ್ಯಾನು ನೋಡಿದೆ. ನಾಚಿಕೆಯಾಯಿತು, ನಿಜ. ಅಷ್ಟರಲ್ಲಿ ಪರೀಕ್ಷೆ ತೆರೆಯಿತು. ಅವಳು ಕುರ್ಚಿ ಮುಂದೆಳೆದುಕೊಂಡು, ಪರದೆಯಿಂದ ಕಣ್ಣು ತೆಗೆಯದೆಯೇ ಕೇಳಿದಳು:

"ಈ ಪೇಜು ಇಣುಕಿದ್ದು ಖರೇ. ಆದ್ರ ಏನೇನ್ ನೋಡೇನಿ ಅಂತ ನನ್ನ ಮುಂದ ಹೇಳ್ತು. ನೀವ್ಯಾವಾಗ ಹೇಳೋರಿದ್ರಿ?"