ಪ್ರೊಫೆಸರರು ತಡೆದು ನಿಲ್ಲಿಸಿದ ನಕ್ಷತ್ರ

ವೆಂಕಟಸುಬ್ಬಯ್ಯನವರನ್ನು ಭೌತಶಾಸ್ತ್ರದ ಪ್ರೊಫೆಸರ್ ಎಂದು ಕರೆದರೆ ಭೌತಶಾಸ್ತ್ರಕ್ಕೆ ಅವಮಾನ. ಮೈಸೂರಿನಿಂದ ಮುಂಬಯಿಗೆ ಬಂದು ಕಾಲೇಜೊಂದರಲ್ಲಿ ಕುರ್ಚಿ ಹಿಡಿದ ಮೇಲೆ ಅವರು ಹೊಸದಾಗಿ ಕಲಿತದ್ದು ಟೈ ಕಟ್ಟುವುದೊಂದೇ. ದಾದರಿನ ಕನ್ನಡಿಗರು ಮಾತ್ರ ವಿಜ್ಞಾನಿ ಎಂದು ಕರೆದು ಹಾರ ಹಾಕುತ್ತಿದ್ದರು. ಅವರೂ ನಾಚದೆ ಕೊರಳು ಮುಂದೆ ಮಾಡುತ್ತಿದ್ದರು.

೧೯೫೬ರಲ್ಲಿ ಅವರ ಕೈಕೆಳಗೆ ಕೌಸಲ್ಯಾ ಎಂಬ ಉಪನ್ಯಾಸಕಿ ಸೇರಿದಳು. ನಕ್ಷತ್ರಗಳು ಹೇಗೆ ಸಾಯುತ್ತವೆ ಎಂಬುದೇ ಅವಳ ಹುಚ್ಚು. ಉರುವಲು ಮುಗಿದ ಭಾರಿ ನಕ್ಷತ್ರ ತನ್ನ ಭಾರಕ್ಕೇ ಕುಸಿಯತೊಡಗಿದರೆ ತಡೆಯುವ ಬಲವಿಲ್ಲ. ಬೆಳಕೂ ಹೊರಬರಲಾರದಷ್ಟು ಕುಗ್ಗಿ ಎಲ್ಲವೂ ಒಂದು ಬಿಂದುವಿಗೆ ಸೇರಬೇಕು ಎಂದು ಅವಳ ಲೆಕ್ಕ ಹೇಳುತ್ತಿತ್ತು. ಅದನ್ನು ಪ್ರೊಫೆಸರರಿಗೆ ತೋರಿಸಿ, ಕಾಲೇಜಿನ ವಿಜ್ಞಾನ ಸಂಘದಲ್ಲಿ ಮಾತಾಡಲು ಒಪ್ಪಿಗೆ ಕೇಳಿದಳು.

"ಏನಮ್ಮಾ ಇದು? ಅಷ್ಟು ದೊಡ್ಡ ನಕ್ಷತ್ರ ಸಾಸಿವೆಗಿಂತ ಚಿಕ್ಕದಾಗುತ್ತಾ? ಉತ್ತರ ಅನಂತ ಬಂತು ಅಂದ್ರೆ ಲೆಕ್ಕ ತಪ್ಪು ಅಂತ ಅರ್ಥ."

"ಯಾವ ಹಂತದಲ್ಲಿ ತಪ್ಪಿದೆ ಸಾರ್?"

"ಅದನ್ನ ನೋಡೋ ಅಗತ್ಯ ನನಗಿಲ್ಲ."

ನಿಜ, ನೋಡಿದ್ದರೂ ತಿಳಿಯುತ್ತಿರಲಿಲ್ಲ. "ಕೌಸಲ್ಯಾ ನಕ್ಷತ್ರಗಳನ್ನ ಡಬ್ಬಿಗೆ ತುಂಬ್ತಾಳಂತೆ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಬಡ್ತಿ ಅವರ ಕೈಯಲ್ಲಿದ್ದುದರಿಂದ ಉಳಿದವರೂ ನಕ್ಕರು. ಅವಳಿಗೆ ಒಪ್ಪಿಗೆ ಸಿಗಲಿಲ್ಲ.

ಎರಡು ವರ್ಷ ಕಳೆದು, ವಿದೇಶಿ ವಿಜ್ಞಾನಿಯೊಬ್ಬ ಮುಂಬಯಿಯ ಫೋರ್ಟ್ ಬಡಾವಣೆಯ ಸಭೆಯೊಂದರಲ್ಲಿ ಇದೇ ವಿಷಯ ಮಾತಾಡಿದ. ಬಿಳಿಯನ ಬಾಯಿಂದ ಬಂದದ್ದೇ ತಡ, ವೆಂಕಟಸುಬ್ಬಯ್ಯನವರಿಗೆ ನಂಬಿಕೆ ಹುಟ್ಟಿತು. ವಿಜ್ಞಾನ ಸಂಘದಲ್ಲಿ ತಾವೇ ಭಾಷಣಕ್ಕೆ ನಿಂತರು. "ನಾನು ಮೊದಲಿಂದ ಹೇಳ್ತಾ ಬಂದಿರೋ ಹಾಗೆ" ಎಂದೇ ಶುರುಮಾಡಿದರು. ಆದರೆ ಕೇಳಿದ್ದರಲ್ಲಿ ಅರ್ಧವಷ್ಟೇ ತಲೆಗೆ ಹೋಗಿತ್ತು. ಕುಸಿಯುವ ನಕ್ಷತ್ರ ಬೆಳಕೂ ಹೊರಬರಲಾರದ ಗಡಿ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ ಎಂದು ಮುಗಿಸಿದರು.

ಕೌಸಲ್ಯಾ ಎದ್ದಳು. "ಯಾರ ಕಣ್ಣಿಗೆ ನಿಲ್ಲುತ್ತೆ ಸಾರ್?"

"ಎಲ್ಲರ ಕಣ್ಣಿಗೂ."

"ದೂರದಿಂದ ನೋಡೋರಿಗೆ ಮಾತ್ರ. ನಕ್ಷತ್ರದ ಜೊತೆಗೇ ಬೀಳೋರು ಗಡಿ ದಾಟಿ ಒಳಗೆ ಹೋಗಿಬಿಡ್ತಾರೆ. ನಕ್ಷತ್ರ ನಿಲ್ಲೋದೇ ಇಲ್ಲ."

"ಬೀಳೋಕೆ ನಿಮ್ಮ ಸೋದರಮಾವ ಹೋಗಿದ್ರೇನಮ್ಮ?"

ಸಭೆ ನಕ್ಕಿತು. ಅವಳು ಬೋರ್ಡಿನ ಬಳಿ ಹೋಗಿ ಲೆಕ್ಕ ಬರೆಯತೊಡಗಿದಳು. ನಗು ನಿಂತಿತು, ವಿದ್ಯಾರ್ಥಿಗಳು ಬರೆದುಕೊಳ್ಳತೊಡಗಿದರು. ಪ್ರೊಫೆಸರರು ಬೋರ್ಡಿನ ಕಡೆ ಒಮ್ಮೆ, ವಾಚಿನ ಕಡೆ ಒಮ್ಮೆ ನೋಡಿ, ಹೊತ್ತಾಯಿತೆಂದು ಸಭೆ ಮುಗಿಸಿಬಿಟ್ಟರು. ಅವಳ ಲೆಕ್ಕ ನಡುವೆಯೇ ಉಳಿಯಿತು.

ಆ ಬೇಸಿಗೆಯಲ್ಲಿ ಕೌಸಲ್ಯಾ ರಾಜೀನಾಮೆ ಕೊಟ್ಟು ಸಂಶೋಧನೆಗೆಂದು ಕಲ್ಕತ್ತೆಗೆ ಹೊರಟುಹೋದಳು. ಅಲ್ಲಿ ಅವಳ ಲೇಖನ ಅಚ್ಚಾದ ಸುದ್ದಿ ಬಂದಾಗ ವೆಂಕಟಸುಬ್ಬಯ್ಯನವರು ಸ್ಟಾಫ್ ರೂಮಿನಲ್ಲಿ ಟೈ ಸರಿಪಡಿಸಿಕೊಂಡು, "ಆ ಹುಡುಗಿಗೆ ಈ ದಾರಿ ತೋರಿಸಿದ್ದೇ ನಾನು" ಎಂದರು. ಬಡ್ತಿಗೆ ಕಾದಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.